ಕಿತ್ತು ತಂದ ಜುನಿಪರ್‌ಗೆ ಬಾಣಂತನ

ನ್ಯೂಜೆರ್ಸಿ ಕಡೆ ಹಳೇ ಮನೆ ತಗೊಂಡಿರೋ ನಮ್ಮವರಿಗೆಲ್ಲ ಈ ಪೊದೆ ಗೊತ್ತಿರತ್ತೆ. ಮನೆ ಮುಂದೆ ಕಿಟಕಿ ಕೆಳಗೆ ಸಾಲಾಗಿ ಜುನಿಪರ್ ಅನ್ನೋ ನಿತ್ಯಹಸಿರು ಪೊದೆ, ಮನೆ ಕಟ್ಟಿದ ಕಾಲಕ್ಕೆ ಯಾರೋ ನೆಟ್ಟಿದ್ದು, ಆಮೇಲೆ ಯಾರೂ ತಿರುಗಿ ನೋಡಿರಲ್ಲ, ವರ್ಷ ವರ್ಷ ಮೇಲಿಂದ ಟ್ರಿಮ್ಮರ್ ಆಡಿಸಿ ಆಡಿಸಿ ಹೊರಗೆ ಮಾತ್ರ ಹಸಿರು, ಒಳಗೆ ಬರೀ ಒಣಕಡ್ಡಿ. ಮನೆ ಕೈ ಬದಲಾದ ತಕ್ಷಣ ಹೊಸಬರು ಮೊದಲು ಕೀಳಿಸೋದು ಅದನ್ನೇ. ಆದ್ರೆ ಒಂದ್ಸಲ ಮಂಡಿಯೂರಿ ಕೊಂಬೆ ಸರಿಸಿ ಬುಡ ನೋಡಿ. ಮಣಿಕಟ್ಟಿನಷ್ಟು ದಪ್ಪ ಕಾಂಡ, ನೆಲಕ್ಕೆ ಒರಗಿ ತಿರುಚಿಕೊಂಡು ಮೇಲೆದ್ದಿರತ್ತೆ, ತೊಗಟೆ ನಾರು ನಾರಾಗಿ ಸುಲಿದಿರತ್ತೆ. ಪಾಟಲ್ಲಿ ಸಸಿಯಿಂದ ಬೆಳೆಸಿದ ಗಿಡಕ್ಕೆ ಆ ದಪ್ಪ ಆ ತಿರುವು ಬರೋಕೆ ಮನುಷ್ಯನ ಅರ್ಧ ಆಯಸ್ಸು ಬೇಕು. ಜಪಾನಲ್ಲಿ ಬೆಟ್ಟದಿಂದ ಕಿತ್ತು ತಂದ ಗಿಡಕ್ಕೆ ಯಮಾದೊರಿ ಅಂತಾರೆ, ಮರಾನ ಪಾಟಲ್ಲಿ ಪುಟ್ಟದಾಗಿ ಬೆಳೆಸೋ ಇಲ್ಲಿನ ಬೋನ್ಸಾಯ್ ಜನ ಅದನ್ನೇ ತಿರುಗಿಸಿ ಮನೆ ಯಾರ್ಡಿಂದ ಕಿತ್ತಿದ್ದಕ್ಕೆ ಯಾರ್ಡಡೋರಿ ಅಂತ ಹೆಸರಿಟ್ಟಿದಾರೆ.

ನಾನು ಬೋನ್ಸಾಯ್ ಕಲ್ತಿದ್ದು ಬೆಂಗಳೂರಲ್ಲಿ, ಆಲ, ಗೋಣಿ, ಅತ್ತಿ ಜಾತಿ ಗಿಡಗಳ ಮೇಲೆ. ಅವುಗಳ ಸ್ವಭಾವ ಹೇಳ್ಬೇಕಾಗೇ ಇಲ್ಲ, ಓವರ್‌ಹೆಡ್ ಟ್ಯಾಂಕ್ ಪಕ್ಕದ ಗೋಡೆ ಸಂದಿಯಲ್ಲಿ ಹುಟ್ಟಿದ ಅರಳಿ ಗಿಡವನ್ನ ಎಷ್ಟ್ ಸಲ ಕತ್ತರಿಸಿದ್ರೂ ಮಳೆ ಬಿದ್ದ ಮೇಲೆ ಮತ್ತೆ ಕೆಂಪು ಚಿಗುರು ಬಿಡತ್ತಲ್ಲ, ಅದೇ. ಆ ಕೈಯಲ್ಲೇ ಜುನಿಪರ್ ಮುಟ್ಟಿದೆ. ಮೊದಲನೇದನ್ನ ಕಿತ್ತ ದಿನವೇ ಬೇರಿನ ಮಣ್ಣು ಪೂರ್ತಿ ತೊಳೆದು, ಹಸಿರು ಮುಕ್ಕಾಲು ಭಾಗ ಕತ್ತರಿಸಿ, ಕೊಂಬೆ ಬಗ್ಗಿಸೋಕೆ ತಂತಿ ಸುತ್ತಿ, ಚಂದದ ಪಾಟಲ್ಲಿ ಕೂರಿಸಿದೆ. ಎರಡು ತಿಂಗಳು ಹಸಿರಾಗೇ ಇತ್ತು, ಬದುಕ್ತು ಅಂದ್ಕೊಂಡೆ. ಜೂನ್ ಕೊನೆಗೆ ಬಣ್ಣ ಒಂಚೂರು ಮಂಕಾದ ಹಾಗೆ ಕಾಣಿಸ್ತು, ಮುಟ್ಟಿದ್ರೆ ಎಲೆ ಗರಿಗರಿ, ಉಗುರಲ್ಲಿ ತೊಗಟೆ ಕೆರೆದ್ರೆ ಒಳಗೆ ಕಂದು. ಅದು ಸತ್ತು ಆಗಲೇ ಎಷ್ಟೋ ವಾರ ಆಗಿತ್ತು. ಜುನಿಪರ್ ವಿಷಯದಲ್ಲಿ ತಲೇಲಿ ಇಟ್ಕೋಬೇಕಾದ ಮೊದಲ ಮಾತೇ ಇದು, ಸತ್ತ ಮೇಲೂ ಅದು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಹಸಿರಾಗೇ ಕಾಣತ್ತೆ, ಹಾಗಾಗಿ ಈಗ ಕಾಣ್ತಿರೋ ಹಸಿರು ಇವತ್ತಿನ ಸುದ್ದಿ ಅಲ್ಲ.

ಯಾಕೆ ಹೀಗೆ ಅನ್ನೋದು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಹೊಂದ್ಕೊಳತ್ತೆ. ಆಲ, ಅತ್ತಿ ಅಥವಾ ಇಲ್ಲಿನ ಮೇಪಲ್ ತರದ ಅಗಲ ಎಲೆಯ ಮರಗಳು ಶಕ್ತಿಯ ದೊಡ್ಡ ಪಾಲನ್ನ ಬೇರಲ್ಲಿ ಕಾಂಡದಲ್ಲಿ ಕೂಡಿಟ್ಟಿರ್ತವೆ, ಮೇಲೆಲ್ಲ ಕತ್ತರಿಸಿದ್ರೂ ಆ ಗಂಟಿಂದ ತೆಗೆದು ಹೊಸ ಚಿಗುರು ಬಿಡ್ತವೆ. ಜುನಿಪರ್ ತನ್ನ ಗಂಟನ್ನ ಹೆಚ್ಚಾಗಿ ಎಲೆಯಲ್ಲೇ ಇಟ್ಕೊಂಡಿರತ್ತೆ. ಹೊಸ ಬೇರು ಹುಟ್ಟಿಸೋ ಖರ್ಚು ಆ ಹಸಿರಿಂದಲೇ ಬರಬೇಕು. ಬೇರು ಕಡಿಮೆ ಆಯ್ತಲ್ಲ, ಮೇಲಿನ ಭಾರಾನೂ ಇಳಿಸೋಣ ಅಂತ ಹಸಿರು ಕತ್ತರಿಸೋರು ಗಿಡದ ದುಡ್ಡಿನ ಪೆಟ್ಟಿಗೇನೇ ಖಾಲಿ ಮಾಡ್ತಾರೆ. ಇದರ ಜೊತೆಗೆ ಇನ್ನೊಂದು, ಹಸಿರಿಲ್ಲದ ಬರೀ ಕಟ್ಟಿಗೆ ಮೇಲೆ ಜುನಿಪರ್ ಮತ್ತೆ ಚಿಗುರಲ್ಲ ಅಂತಲೇ ಲೆಕ್ಕ ಹಾಕ್ಕೋಬೇಕು. ಕೊಂಬೆಯಲ್ಲಿ ಕೊನೇ ಹಸಿರು ಕುಡಿ ಹೋಯ್ತು ಅಂದ್ರೆ ಆ ಕೊಂಬೇನೂ ಹೋಯ್ತು.

ಹಾಗಾಗಿ ಕೀಳೋ ದಿನ ಮೇಲಿನ ಹಸಿರು ಮುಟ್ಟಬಾರದು. ಅಡ್ಡ ಬರೋ ಕೊಂಬೆಗಳನ್ನ ಹಗ್ಗದಲ್ಲಿ ಮೇಲಕ್ಕೆತ್ತಿ ಕಟ್ಟಿ, ಒಣಗಿರೋ ಕಡ್ಡಿ ಮಾತ್ರ ಮುರಿದು ತೆಗೀರಿ, ಅಷ್ಟೇ. ಕಾಲ ಯಾವುದು ಅಂದ್ರೆ ಮಣ್ಣಿನ ಹಿಮ ಕರಗಿ, ಇನ್ನೂ ಕುಡಿ ಬೆಳೆಯೋಕೆ ಶುರು ಆಗದೇ ಇರೋ ಹೊತ್ತು, ನಮ್ಮ ಕಡೆ ಮಾರ್ಚ್ ಕೊನೆ ಏಪ್ರಿಲ್ ಮೊದಲು. ಬೇಸಿಗೆ ಮುಗಿಯೋ ಹೊತ್ತಿಗೂ ಕೀಳೋರಿದಾರೆ, ಬೆಚ್ಚಗಿನ ಮಣ್ಣಲ್ಲಿ ಬೇರು ಬೇಗ ಬರತ್ತೆ ನಿಜ, ಆದ್ರೆ ಅದರ ಹಿಂದೇನೇ ಚಳಿಗಾಲ ಬರತ್ತಲ್ಲ, ಮೊದಲ ಸಲ ಮಾಡೋರು ವಸಂತಕ್ಕೇ ಕಾಯೋದು ಒಳ್ಳೇದು. ಇನ್ನೊಂದು ಮಾತು ಅಮೆರಿಕದಲ್ಲಿರೋರಿಗೆ, ಮನೆ ಮುಂದೆ ಅಗೆಯೋ ಮುಂಚೆ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿ, ನೆಲದೊಳಗಿನ ಪೈಪು ತಂತಿ ಎಲ್ಲಿವೆ ಅಂತ ಗುರುತು ಮಾಡಿಸೋ ನಂಬರ್ ಅದು. ದುಡ್ಡಿಲ್ಲ, ಬಂದು ನೆಲದ ಮೇಲೆ ಬಣ್ಣ ಹೊಡೆದು ಹೋಗ್ತಾರೆ, ಹಳದಿ ಅಂದ್ರೆ ಗ್ಯಾಸ್, ಕೆಂಪು ಅಂದ್ರೆ ಕರೆಂಟು, ನೀಲಿ ಕುಡಿಯೋ ನೀರು. ಕಿಟಕಿ ಕೆಳಗಿನ ಪೊದೆ ಪಕ್ಕದಲ್ಲೇ ಗ್ಯಾಸ್ ಲೈನ್ ಹೋಗಿರೋದು ಸಾಮಾನ್ಯ.

ನನ್ನ ಎರಡನೇ ಜುನಿಪರ್ ಪಕ್ಕದ ಮನೆಯವರದು. ಅವರ ಡ್ರೈವ್‌ವೇ ಅಗಲ ಮಾಡಿಸೋಕೆ ಪೊದೆ ತೆಗೀಬೇಕಿತ್ತು, ನಾನೇ ತೆಗೆದುಕೊಡ್ತೀನಿ ಅಂದೆ, ಅವರಿಗೂ ಖುಷಿ. ಹಿಂದಿನ ರಾತ್ರಿ ಚೆನ್ನಾಗಿ ನೀರು ಬಿಟ್ಟೆ. ಬೆಳಗ್ಗೆ ಕಾಂಡದಿಂದ ಸುಮಾರು ಒಂದಡಿ ದೂರದಲ್ಲಿ ಸುತ್ತಲೂ ಸಲಿಕೆಯಲ್ಲಿ ಗೀರು ಹಾಕಿ, ಅದರಾಚೆ ಕಾಲುವೆ ತರ ತೋಡಿ, ಆಮೇಲೆ ಬುಡದ ಅಡಿಗೆ ಓರೆಯಾಗಿ ಒಳಗೆ ನುಗ್ಗಿದೆ. ದಪ್ಪ ಬೇರನ್ನ ಸಲಿಕೆಯಲ್ಲಿ ಚಚ್ಚಬಾರದು, ಗರಗಸದಲ್ಲಿ ನುಣ್ಣಗೆ ಕುಯ್ಯಬೇಕು, ಸಿಗಿದು ಹೋದ ಬೇರು ಕೊಳೆಯತ್ತೆ. ನಮಗೆ ಬೇಕಿರೋದು ಬುಡಕ್ಕೆ ಹತ್ತಿರ ಇರೋ ಕೂದಲಿನಂಥ ಎಳೆಬೇರು, ನೀರು ಕುಡಿಯೋದು ಅದೇ. ಅದು ಬಿಸಿಲಲ್ಲಿ ಗಾಳಿಯಲ್ಲಿ ಸ್ವಲ್ಪ ಹೊತ್ತಿದ್ರೂ ಒಣಗಿ ಹೋಗತ್ತೆ, ಹಾಗಾಗಿ ಗಿಡ ಗುಂಡಿಯಿಂದ ಮೇಲೆ ಬಂದ ಕ್ಷಣವೇ ಒದ್ದೆ ಗೋಣಿತಾಟಲ್ಲಿ ಸುತ್ತಿ ನೆರಳಿಗೆ ತಂದೆ.

ಈಗ ಮಣ್ಣಿನ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಹೆಚ್ಚು ಗಿಡ ಸಾಯೋದು ಇಲ್ಲೇ. ನೆಲದಲ್ಲಿ ಚೆನ್ನಾಗಿದ್ದ ಮಣ್ಣನ್ನೇ ಡಬ್ಬಕ್ಕೆ ತುಂಬಿದ್ರೆ ಯಾಕೆ ಆಗಲ್ಲ? ಪಾತ್ರೆ ತೊಳೆಯೋ ಸ್ಪಾಂಜನ್ನ ನೀರಲ್ಲಿ ಅದ್ದಿ ಮಲಗಿಸಿ ಹಿಡೀರಿ, ಸ್ವಲ್ಪ ತೊಟ್ಟಿಕ್ಕಿ ನಿಲ್ಲತ್ತೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡೀರಿ, ಮತ್ತೆ ನೀರು ಸುರಿಯತ್ತೆ. ಸ್ಪಾಂಜ್ ಅದೇ, ಎತ್ತರ ಮಾತ್ರ ಬೇರೆ. ಯಾವುದೇ ಪಾಟಿನ ತಳದಲ್ಲಿ ಹೀಗೆ ಇಳಿದು ಹೋಗದ ನೀರಿನ ಒಂದು ಪದರ ನಿಂತೇ ಇರತ್ತೆ, ಮಣ್ಣಿನ ಕಣ ಸಣ್ಣ ಆದಷ್ಟೂ ಆ ಪದರ ಎತ್ತರ ಆಗತ್ತೆ. ನೆಲದಲ್ಲಿ ಆ ಪದರ ಎಲ್ಲೋ ಆಳದಲ್ಲಿರತ್ತೆ, ಬೇರಿಗೆ ತೊಂದ್ರೆ ಇಲ್ಲ. ಆರೇಳು ಇಂಚು ಆಳದ ಪೆಟ್ಟಿಗೆಗೆ ಜೇಡಿಮಣ್ಣು ತುಂಬಿದ್ರೆ ಬೇರೆಲ್ಲ ಆ ಪದರದೊಳಗೇ ಕೂತಿರತ್ತೆ, ಗಾಳಿ ಇಲ್ಲ, ಉಸಿರುಗಟ್ಟಿ ಕೊಳೆಯತ್ತೆ. ಅದಕ್ಕೇ ಪ್ಯೂಮಿಸ್ ಅನ್ನೋ ತೂತು ತೂತಿನ ಹಗುರ ಕಲ್ಲು, ಲಾವಾ ಕಲ್ಲು, ಜಪಾನಿನ ಅಕಡಾಮ ಅನ್ನೋ ಜೇಡಿಮಣ್ಣಿನ ಹರಳು ಇಂಥವನ್ನ ಮೂರರಿಂದ ಆರು ಮಿಲಿಮೀಟರ್ ಗಾತ್ರಕ್ಕೆ ಜರಡಿ ಹಿಡಿದು, ಧೂಳೆಲ್ಲ ತೆಗೆದು ಹಾಕೋದು. ಹೊಸದಾಗಿ ಕಿತ್ತ ಗಿಡಕ್ಕೆ ನಾನು ಬರೀ ಪ್ಯೂಮಿಸ್ ಹಾಕ್ತೀನಿ, ಕಣದ ಒಳಗೆ ಒಂಚೂರು ನೀರು ಹಿಡಿಯತ್ತೆ, ಕಣಗಳ ನಡುವೆ ಗಾಳಿ ಆಡತ್ತೆ, ಬೇರು ಅದರೊಳಗೆ ಓಡಿ ಹೋಗತ್ತೆ.

ಹಾಗಂತ ಹಳೇ ಮಣ್ಣನ್ನೆಲ್ಲ ಒಂದೇ ದಿನ ತೆಗೆಯೋಕೆ ಹೋಗಬೇಡಿ, ನನ್ನ ಮೊದಲ ಗಿಡ ಹೋಗಿದ್ದು ಹಾಗೇ. ಸುತ್ತಲಿನ ಅಂಚಿನ ಮಣ್ಣು, ಅಡಿಯ ಮಣ್ಣು ಒಂದು ಕಡ್ಡಿಯಲ್ಲಿ ಬಿಡಿಸಿ, ನಡುವಿನ ಉಂಡೆಯನ್ನ ಅರ್ಧದಷ್ಟಾದ್ರೂ ಹಾಗೇ ಬಿಡಬೇಕು. ಅದನ್ನ ಎರಡು ಮೂರು ವರ್ಷ ಆದ್ಮೇಲೆ ನೋಡ್ಕೋಬಹುದು. ಗಿಡ ಕೂರಿಸೋ ಮರದ ಪೆಟ್ಟಿಗೆ ಬೇರಿನ ಉಂಡೆಗಿಂತ ಎರಡಿಂಚು ದೊಡ್ಡದಿದ್ರೆ ಸಾಕು, ತಳದಲ್ಲಿ ತೂತು, ತೂತಿನ ಮೇಲೆ ಜಾಲರಿ. ಪ್ಯೂಮಿಸ್ ಹಾಕ್ತಾ ಊಟದ ಚಾಪ್‌ಸ್ಟಿಕ್ಕಲ್ಲಿ ತಿವಿದು ತಿವಿದು ಬೇರಿನ ನಡುವೆ ಟೊಳ್ಳು ಉಳಿಯದ ಹಾಗೆ ಕೂರಿಸಿ. ಆಮೇಲೆ ಗಿಡವನ್ನ ಪೆಟ್ಟಿಗೆಗೆ ತಂತಿಯಲ್ಲಿ ಬಿಗಿದು ಕಟ್ಟಿ, ಕಾಂಡ ಹಿಡಿದು ಅಲ್ಲಾಡಿಸಿದ್ರೆ ಪೆಟ್ಟಿಗೆ ಸಮೇತ ಅಲ್ಲಾಡಬೇಕು. ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ, ಗಾಳಿ ಬೀಸಿದಾಗೆಲ್ಲ ಗಿಡ ತೂಗಾಡಿದ್ರೆ ಆಗ ತಾನೇ ಹೊರಟ ಬಿಳಿ ಬೇರು ತುಂಡಾಗ್ತಾನೇ ಇರತ್ತೆ. ನೀರು ಹಾಕುವಾಗಲೂ ಒಂದು ಮೋಸ ಇದೆ, ನೀರು ಸಡಿಲ ಪ್ಯೂಮಿಸಲ್ಲೇ ಹರಿದು ಹೋಗತ್ತೆ, ನಡುವಿನ ಜೇಡಿ ಉಂಡೆ ಒಣಗೇ ಇರತ್ತೆ. ಆ ಉಂಡೆಗೆ ಕಡ್ಡಿಯಲ್ಲಿ ನಾಕೈದು ತೂತು ಹೊಡೆದು, ಒಂದ್ಸಲ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ.

ಅವತ್ತು ಸಂಜೆ ವಿಡಿಯೋ ಕಾಲಲ್ಲಿ ಅಮ್ಮನಿಗೆ ಗಿಡ ತೋರಿಸಿದೆ. "ಗಾಳಿಗೆ ಇಡಬೇಡ ಕಣೋ, ಬಾಣಂತಿ ಇದ್ದ ಹಾಗೆ ಅದು ಈಗ" ಅಂದ್ರು. ಅವರು ಜುನಿಪರ್ ಕಂಡವರಲ್ಲ, ಆದ್ರೆ ಇದಕ್ಕಿಂತ ಸರಿಯಾಗಿ ನಾನು ಎಲ್ಲೂ ಕೇಳಿಲ್ಲ. ಬಾಣಂತನ ಅಂದ್ರೆ ಏನು, ಗಾಳಿ ಬೀಸೋ ಕಡೆ ಬೇಡ, ಬೆಳಗಿನ ಎಳೆಬಿಸಿಲು ಬೇಕು, ಪಥ್ಯದ ಊಟ, ಎತ್ತೋದು ಇಳಿಸೋದು ಬೇಡ, ಬಂದವರೆಲ್ಲ ಮುಟ್ಟೋದು ಬೇಡ. ಗಿಡಕ್ಕೂ ಅಷ್ಟೇ. ಮನೆ ಪೂರ್ವದ ಗೋಡೆ ಪಕ್ಕ ಇಟ್ಟೆ, ಬೆಳಗ್ಗೆ ಎರಡು ಮೂರು ಗಂಟೆ ಬಿಸಿಲು, ಆಮೇಲೆ ಬೆಳಕಿರೋ ನೆರಳು. ದಿನಕ್ಕೆ ಮೂರ್ನಾಲ್ಕು ಸಲ ಎಲೆ ಮೇಲೆ ನೀರು ಸ್ಪ್ರೇ, ಯಾಕಂದ್ರೆ ಬೇರು ಕೊಡೋದಕ್ಕಿಂತ ಜಾಸ್ತಿ ನೀರು ಎಲೆಯಿಂದ ಹೋಗ್ತಿರತ್ತೆ, ಸುತ್ತ ತೇವ ಇದ್ರೆ ಆ ಖರ್ಚು ಕಡಿಮೆ ಆಗತ್ತೆ. ಆದ್ರೆ ಬೇರಿಗೆ ಹಾಕೋ ನೀರು ಬೇರೆ ಲೆಕ್ಕ, ಬೆರಳನ್ನ ಒಂದಿಂಚು ಒಳಗೆ ಇಳಿಸಿ ನೋಡಿ ಒಣಗೋಕೆ ಶುರು ಆಗಿದ್ರೆ ಮಾತ್ರ. ಗೊಬ್ಬರ ಆಗ ಬೇಡವೇ ಬೇಡ. ಮತ್ತೆ, ಒಳಗೆ ಲಿವಿಂಗ್ ರೂಮಲ್ಲಿ ಇಡೋ ಗಿಡ ಇದಲ್ಲ, ಇದಕ್ಕೆ ಬಿಸಿಲು ಬೇಕು, ಚಳಿಗಾಲದ ನಿದ್ದೇನೂ ಬೇಕು. ಅಂಗಡಿಯಲ್ಲಿ ಪುಟ್ಟ ಪಾಟಲ್ಲಿ ಮಾರೋ ಜುನಿಪರ್ ತಂದು ಟಿವಿ ಪಕ್ಕ ಇಟ್ಟು ಕಳ್ಕೊಂಡವರು ಎಷ್ಟು ಜನ ಅಂತ ಲೆಕ್ಕ ಇಲ್ಲ, ಅವರಿಗೆ ಯಾರೂ ಹೇಳಿರಲ್ಲ ಪಾಪ.

ಬದುಕ್ತಿದೆ ಅನ್ನೋದು ಹೇಗೆ ಗೊತ್ತಾಗತ್ತೆ? ಹಸಿರಾಗಿರೋದು ಸಾಕ್ಷಿ ಅಲ್ಲ ಅಂತ ಮೊದಲೇ ಹೇಳಿದೆ. ಕುಡಿಗಳ ತುದಿ ನೋಡಿ, ಹಳೇ ಹಸಿರಿಗಿಂತ ತಿಳಿಯಾದ, ಎಳೆ ಹುಣಸೆ ಚಿಗುರಿನಂಥ ಬಣ್ಣದ ತುದಿ ಉದ್ದ ಆಗ್ತಾ ಬಂದ್ರೆ ಕೆಳಗೆ ಬೇರು ಕೆಲಸ ಶುರು ಮಾಡಿದೆ ಅಂತ. ಹೊಸ ಬೇರಿಲ್ಲದೆ ಎಲೆಯ ಉಳಿಕೆಯಿಂದಲೂ ಒಂಚೂರು ಬೆಳೆಯತ್ತೆ, ಹಾಗಾಗಿ ಮೊದಲ ತುದಿ ನೋಡಿ ಕುಣಿಯಬೇಡಿ, ಎರಡನೇ ಸುತ್ತು ಬರೋವರೆಗೂ ಕಾಯಿರಿ. ನನ್ನದಕ್ಕೆ ಜೂನ್ ಮಧ್ಯಕ್ಕೆ ಬಂತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಸರಿಸಿದೆ, ತೆಳು ಗೊಬ್ಬರ ಶುರು ಮಾಡಿದೆ. ಒಂದು ಬದಿಯ ಕೊಂಬೆ ಮಾತ್ರ ಪೂರ್ತಿ ಒಣಗಿ ಹೋಯ್ತು. ಗಾಬರಿ ಬೀಳೋದೇನಿಲ್ಲ, ಜುನಿಪರಲ್ಲಿ ಒಂದೊಂದು ಬೇರು ತನ್ನ ನೇರಕ್ಕಿರೋ ಕೊಂಬೆಗೇ ಊಟ ಕಳಿಸತ್ತೆ, ಕಾಂಡ ತಿರುಚಿದ್ರೆ ಆ ದಾರೀನೂ ತಿರುಚಿಕೊಂಡೇ ಹೋಗತ್ತೆ, ನಾನು ಆ ಬದಿಯ ದಪ್ಪ ಬೇರು ಕುಯ್ದಿದ್ದೆ, ಅದರ ಕೊಂಬೆ ಹೋಯ್ತು.

ಆ ವರ್ಷ ಇನ್ನೇನೂ ಮಾಡಲಿಲ್ಲ. ಮುಂದಿನ ವರ್ಷಾನೂ ಮಾಡಲಿಲ್ಲ. ನೀರು, ಗೊಬ್ಬರ, ಬಿಸಿಲು ಅಷ್ಟೇ. ಚಳಿಗಾಲಕ್ಕೆ ಬೆಂಚಿಂದ ಇಳಿಸಿ ನೆಲದ ಮೇಲೆ ಗೋಡೆ ಮರೆಗೆ ಇಟ್ಟು ಸುತ್ತ ಒಣ ಎಲೆ, ಮಲ್ಚ್ ಒಟ್ಟಿದೆ, ಯಾಕಂದ್ರೆ ನೆಲದೊಳಗಿನ ಬೇರಿಗೆ ಸಿಗೋ ಬೆಚ್ಚಗೆ ಪೆಟ್ಟಿಗೆಯ ಬೇರಿಗೆ ಸಿಗಲ್ಲ. ಚಳಿಗೆ ಎಲೆ ಕಂಚಿನ ಬಣ್ಣಕ್ಕೆ ತಿರುಗತ್ತೆ, ವಸಂತಕ್ಕೆ ಮತ್ತೆ ಹಸಿರಾಗತ್ತೆ, ಅದು ರೋಗ ಅಲ್ಲ. ರೋಗ ಅಂದ್ರೆ ಬೇಸಿಗೆಯ ಕೆಂಪು ಜೇಡನುಸಿ, ಎಲೆ ಧೂಳು ಹಿಡಿದ ಹಾಗೆ ಮಂಕಾದ್ರೆ ಕೊಂಬೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ, ಉದುರಿದ ಚುಕ್ಕಿಗಳು ನಡೆದಾಡಿದ್ರೆ ನುಸಿ ಅಂತ ಲೆಕ್ಕ. ವಸಂತದ ಮಳೆಯಲ್ಲಿ ಕೊಂಬೆ ಮೇಲಿನ ಗಂಟಿಂದ ಕಿತ್ತಳೆ ಬಣ್ಣದ ಜೆಲ್ಲಿ ತರ ಏನಾದ್ರೂ ಕಂಡ್ರೆ ಅದು ತುಕ್ಕು ರೋಗ, ಅರ್ಧ ಜೀವನ ಜುನಿಪರ್ ಮೇಲೆ, ಅರ್ಧ ಜೀವನ ಸೇಬಿನ ಜಾತಿ ಮರಗಳ ಮೇಲೆ ಕಳೆಯೋ ಶಿಲೀಂಧ್ರ, ಆ ಗಂಟನ್ನ ಕತ್ತರಿಸಿ ಎಸೆದುಬಿಡಿ.

ರೂಪ ಕೊಡೋಕೆ ಕೂತಿದ್ದು ಮೂರನೇ ವರ್ಷದ ಚಳಿಗಾಲ ಮುಗಿಯೋ ಹೊತ್ತಿಗೆ. ಕತ್ತರಿ ಮುಟ್ಟೋ ಮುಂಚೆ ಬುಡದ ಮೇಲಿನ ಮಣ್ಣು ಸರಿಸಿ ಕಾಂಡವನ್ನ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ಸಡಿಲ ಪದರ ಹೋದ್ರೆ ಕೆಳಗೆ ಕೆಂಗಂದು ಬಣ್ಣದ ಉಬ್ಬು ಕಾಣತ್ತೆ, ಅದೇ ಜೀವದ ನಾಳ, ಬೇರಿಂದ ಕೊಂಬೆಗೆ ಹೋಗೋ ರಸ್ತೆ. ಅದರ ಪಕ್ಕ ತಗ್ಗಾಗಿ ಬೂದು ಬಣ್ಣಕ್ಕಿರೋದು ಸತ್ತ ಭಾಗ. ನನ್ನ ಗಿಡದಲ್ಲಿ ಆ ಒಣಗಿದ ಕೊಂಬೆಯ ಕೆಳಗೆ ಎರಡು ಬೆರಳಗಲದ ಸತ್ತ ಪಟ್ಟಿ ಕಾಂಡ ಸುತ್ತಿಕೊಂಡು ಬುಡದವರೆಗೂ ಇಳಿದಿತ್ತು. ಕಿತ್ತ ದಿನ ನಾನು ಕುಯ್ದ ಬೇರಿನ ದಾರಿ ಅದು. ಅದನ್ನೇ ಮುಂದಕ್ಕೆ ಬರೋ ಹಾಗೆ ಗಿಡ ತಿರುಗಿಸಿ ಎದುರು ಯಾವುದು ಅಂತ ತೀರ್ಮಾನ ಮಾಡಿದೆ.

ಸತ್ತ ಕೊಂಬೆಯನ್ನ ಬುಡಕ್ಕೆ ಕತ್ತರಿಸಿ ಎಸೆಯಲ್ಲ, ತೊಗಟೆ ಸುಲಿದು ಬಿಳಿ ಮೂಳೆ ತರ ಉಳಿಸ್ಕೋತೀವಿ, ಅದಕ್ಕೆ ಜಿನ್ ಅಂತಾರೆ. ಕಾಂಡದ ಮೇಲಿನ ಸುಲಿದ ಪಟ್ಟಿಗೆ ಶಾರಿ. ಜಿನ್ ಮಾಡುವಾಗ ತುದಿಯನ್ನ ಕತ್ತರಿಸಬೇಡಿ, ಇಕ್ಕಳದಲ್ಲಿ ನಾರು ಹಿಡಿದು ಕೆಳಕ್ಕೆ ಸೀಳಿ, ಗಾಳಿಗೆ ಮುರಿದ ಕೊಂಬೆ ಹಾಗೇ ಕಾಣತ್ತೆ. ಕಟ್ಟಿಗೆ ಒಣಗಿದ ಮೇಲೆ ಒಂಚೂರು ಒದ್ದೆ ಮಾಡಿ ಲೈಮ್ ಸಲ್ಫರ್ ಅನ್ನೋ ಸುಣ್ಣ ಗಂಧಕದ ದ್ರಾವಣ ಹಚ್ಚಿದ್ರೆ, ಮೊದಲು ಹಳದಿ, ಬಿಸಿಲಿಗೆ ನಿಧಾನಕ್ಕೆ ಬಿಳಿ ಆಗತ್ತೆ, ಕೊಳೆಯೋದೂ ತಡೆಯತ್ತೆ. ಕೊಳೆತ ಮೊಟ್ಟೆ ವಾಸನೆ, ಮನೆ ಹೊರಗೇ ಮಾಡಿ, ಕೈಗೆ ಗ್ಲೌಸ್ ಹಾಕಿ, ಮಣ್ಣಿಗೆ ತೊಟ್ಟಿಕ್ಕದ ಹಾಗೆ ಬುಡಕ್ಕೆ ಬಟ್ಟೆ ಸುತ್ತಿ. ಶಾರಿ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಜಪಾನಿನ ಇಶಿಝುಚಿ ಬೆಟ್ಟದಂಥ ಕಡೆಯಿಂದ ಬಂದ ಶಿಂಪಾಕು ಜುನಿಪರ್‌ಗಳು ಬಂಡೆ ಮೇಲೆ ಹಿಮ ಗಾಳಿಗೆ ಸಿಕ್ಕಿ, ಒಂದೇ ಒಂದು ಪಟ್ಟಿ ತೊಗಟೆಯಲ್ಲಿ ಜೀವ ಹಿಡ್ಕೊಂಡು ಬದುಕಿದಂಥವು, ಅವುಗಳ ಬಿಳಿ ಕಟ್ಟಿಗೆಗೆ ಅರ್ಥ ಇದೆ. ಕಿಟಕಿ ಕೆಳಗೆ ಬೆಳೆದ ಗಿಡಕ್ಕೆ ಡ್ರಿಲ್ ಹಿಡಿದು ಅರ್ಧ ಕಾಂಡ ಕೆತ್ತಿದ್ರೆ ಅದು ಆ ಗಿಡದ ಕಥೆ ಆಗಲ್ಲ. ತಾನಾಗಿ ಸತ್ತ ದಾರಿಯನ್ನ ಹಿಂಬಾಲಿಸಿ, ಮೊದಲು ಕಿರಿದಾಗಿ, ಬೇಕಿದ್ರೆ ವರ್ಷ ವರ್ಷ ಒಂಚೂರು ಅಗಲ ಮಾಡಿ.

ಅಂಗಳದ ಜುನಿಪರ್‌ನ ದೊಡ್ಡ ತೊಂದರೆ ಅಂದ್ರೆ ಉದ್ದ ಬೋಳು ಕೊಂಬೆ, ಹಸಿರೆಲ್ಲ ತುದಿಯಲ್ಲಿ. ಗಿಡ್ಡ ಮಾಡೋಣ ಅಂತ ಕತ್ತರಿಸಿದ್ರೆ ಕೊಂಬೆ ಸಾಯತ್ತೆ. ಹಾಗಾದ್ರೆ? ಬಗ್ಗಿಸಬೇಕು. ಉದ್ದ ಕೊಂಬೆಯನ್ನ ಹಾವಿನ ತರ ಸುತ್ತಿಸಿ ಮಡಿಚಿ ತುದಿಯ ಹಸಿರನ್ನ ಕಾಂಡದ ಹತ್ತಿರಕ್ಕೆ ತರೋದು. ಹೆಬ್ಬೆರಳು ದಪ್ಪದ ಕೊಂಬೆಗೆ ಮೊದಲು ನೆನೆಸಿದ ರಾಫಿಯಾ ನಾರನ್ನ ಬಿಗಿಯಾಗಿ ಸುತ್ತಿ, ಅದರ ಮೇಲೆ ತಾಮ್ರದ ತಂತಿ, ಕೊಂಬೆಯ ಮೂರನೇ ಒಂದರಷ್ಟು ದಪ್ಪದ್ದು, ಸುಮಾರು 45 ಡಿಗ್ರಿ ಓರೆಯಲ್ಲಿ. ಆಮೇಲೆ ಬರೀ ಬಗ್ಗಿಸೋದಲ್ಲ, ತಿರುಚ್ತಾ ಬಗ್ಗಿಸಬೇಕು, ಬಟ್ಟೆ ಹಿಂಡೋ ಹಾಗೆ, ತಿರುಚಿದಾಗ ನಾರುಗಳು ಒಂದರ ಮೇಲೊಂದು ಜಾರ್ತವೆ, ಒಂದೇ ಕಡೆ ಭಾರ ಬೀಳಲ್ಲ. ಎರಡೂ ಹೆಬ್ಬೆರಳು ಒಳಗಿನ ತಿರುವಿಗೆ ಒತ್ತಿ ಹಿಡಿದು, ಕಿವಿ ಹತ್ತಿರ ಇಟ್ಟು ನಿಧಾನಕ್ಕೆ. ಕಿರ್ ಕಿರ್ ಅಂದ್ರೆ ನಿಲ್ಲಿಸಿ, ಎರಡು ವಾರ ಬಿಟ್ಟು ಉಳಿದಿದ್ದು ಬಗ್ಗಿಸಿ. ನನ್ನ ಕೈಯಲ್ಲಿ ಒಂದು ಕೊಂಬೆ ಟಪ್ ಅಂತ ಸೀಳು ಬಿಡ್ತು, ಹಾಗೇ ಒತ್ತಿ ಕಟ್ಟಿ ಬಿಟ್ಟೆ, ಒಂದು ಬದಿ ತೊಗಟೆ ಕೂಡಿಕೊಂಡೇ ಇತ್ತು, ಬದುಕಿದೆ. ತೀರಾ ಬೋಳಾಗಿದ್ರೆ ಶಿಂಪಾಕು ಕುಡಿ ತಂದು ಕಸಿ ಕಟ್ಟೋರಿದಾರೆ, ಅದು ಇನ್ನೂ ವರ್ಷಗಳ ಕೆಲಸ.

ಹಸಿರನ್ನ ಮೊದಲ ಸಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಕೊಂಬೆ ಅಡಿಗೆ ಜೋತು ಬಿದ್ದಿದ್ದು, ಕವಲಿನ ಸಂದಿಯಲ್ಲಿ ಹುಟ್ಟಿದ ಪೀಚು, ಇಷ್ಟು ತೆಗೆದ್ರೇನೇ ಒಳಗೆ ಬೆಳಕು ಬೀಳತ್ತೆ, ಆ ಬೆಳಕಿಗೆ ಒಳಗಿನ ಸಣ್ಣ ಕುಡಿಗಳು ಬಲಿತವೆ. ಕತ್ತರಿಯನ್ನ ಹಸಿರಿನ ಅಡ್ಡಕ್ಕೆ ಓಡಿಸಬಾರದು, ತುದಿಯೆಲ್ಲ ಕಂದಾಗತ್ತೆ, ಕುಡಿಯನ್ನ ಅದರ ಬುಡದ ಕಡ್ಡಿಯಲ್ಲಿ ಹುಡುಕಿ ಕತ್ತರಿಸಬೇಕು. ಉಗುರಲ್ಲಿ ತುದಿ ತುದಿ ಚಿವುಟೋದನ್ನ ಹಳೇ ಪಾಠಗಳಲ್ಲಿ ಹೇಳ್ತಿದ್ರು, ಬೆಳೆಯೋ ತುದಿಗಳನ್ನೆಲ್ಲ ಚಿವುಟಿದ್ರೆ ಗಿಡ ಸೊರಗತ್ತೆ, ಬಿಟ್ಟುಬಿಡಿ. ಜಾಸ್ತಿ ಕತ್ತರಿಸಿದ್ರೆ ಗಿಡ ತಾನೇ ಹೇಳತ್ತೆ, ಮೃದುವಾದ ಎಲೆ ಜಾಗದಲ್ಲಿ ಚುಚ್ಚೋ ಮುಳ್ಳು ಎಲೆ ಬರತ್ತೆ, ಅದು ಎಳೆ ವಯಸ್ಸಿನ ಎಲೆ, ಗಾಬರಿಯಾದ ಜುನಿಪರ್ ಅದಕ್ಕೆ ವಾಪಸ್ ಹೋಗತ್ತೆ. ಎರಡು ಮೂರು ವರ್ಷ ಸುಮ್ಮನೆ ಬೆಳೆಯೋಕೆ ಬಿಟ್ರೆ ಸರಿ ಹೋಗತ್ತೆ.

ಯಾರಿಗಾದ್ರೂ ಅವಕಾಶ ಆದ್ರೆ ವಾಷಿಂಗ್ಟನ್ನಿನ ನ್ಯಾಷನಲ್ ಆರ್ಬೊರೇಟಮ್ ಒಳಗಿರೋ ಬೋನ್ಸಾಯ್ ಮ್ಯೂಸಿಯಮ್ಮಿಗೆ ಹೋಗಿ. ಅಲ್ಲಿ ಅಮೆರಿಕದ ಬೋನ್ಸಾಯ್ ಗುರು ಜಾನ್ ನಾಕಾ 1984ರಲ್ಲಿ ಕೊಟ್ಟ ಗೋಶಿನ್ ಇದೆ, 11 ಜುನಿಪರ್‌ಗಳ ಒಂದು ಪುಟ್ಟ ಕಾಡು, ಒಂದೊಂದು ಮರ ಅವರ ಒಂದೊಂದು ಮೊಮ್ಮಗುವಿಗೆ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ, ನೋಡಿದ್ದು ಮಾತ್ರ ಬಿಳಿ ಜಿನ್ ತುದಿಗಳನ್ನ. ಎಲ್ಲೂ ಗರಗಸದ ಗುರುತು ಕಾಣ್ಲಿಲ್ಲ.

ನನ್ನ ಜುನಿಪರ್ ಇನ್ನೂ ಮರದ ಪೆಟ್ಟಿಗೆಯಲ್ಲೇ ಇದೆ. ತಂತಿ ಸುತ್ತಿದ ವರ್ಷ ಬೇರು ಮುಟ್ಟಲ್ಲ, ಬೇರು ಮುಟ್ಟಿದ ವರ್ಷ ತಂತಿ ಸುತ್ತಲ್ಲ, ಹಾಗಾಗಿ ನಡುವೆ ಉಳಿದಿರೋ ಆ ಜೇಡಿ ಉಂಡೆಯ ಸರದಿ ಮುಂದಿನ ಏಪ್ರಿಲ್‌ಗೆ. ಈಗ ಪ್ರತಿ ಭಾನುವಾರ ತಂತಿ ತೊಗಟೆಗೆ ಕಚ್ಚೋಕೆ ಶುರು ಮಾಡಿದ್ಯಾ ಅಂತ ನೋಡ್ತೀನಿ, ಕೊಂಬೆ ಹೊರ ತಿರುವಿನಲ್ಲಿ ಮೊದಲು ಗೊತ್ತಾಗತ್ತೆ. ಕಳೆದ ವಾರ ಎರಡು ಕಡೆ ಕಚ್ಚಿತ್ತು, ತಂತಿಯನ್ನ ಬಿಚ್ಚದೆ ಒಂದೊಂದೇ ಸುತ್ತು ಕತ್ತರಿಸಿ ತೆಗೆದೆ, ಕೊಂಬೆ ಇಟ್ಟ ಜಾಗದಲ್ಲೇ ನಿಂತಿತು.